ವಾಗದರಿಯ ಹೊಲಕ್ಕೆ ಚರಗಕ್ಕೆ ಹೋದದ್ದು

ಎಳ್ಳಮವಾಸ್ಯೆಯ ಹಿಂದಿನ ದಿನ ಬೆಳಗಿನ ರೈಲಿಗೆ ವಿಜಯಪುರ ಬಿಟ್ಟೆ. ಹೊರಡುವ ಮುಂಚೆ ನನ್ನ ರೊಟ್ಟಿ ಕೇಂದ್ರದಲ್ಲಿ ಹಿಟ್ಟು ಎಲ್ಲಿದೆ, ಸಿಲಿಂಡರ್ ಯಾವಾಗ ಬರುತ್ತದೆ, ಖಾನಾವಳಿಗೆ ಯಾರು ರೊಟ್ಟಿ ಮುಟ್ಟಿಸಬೇಕು ಎಂದು ಹೇಳಿದ್ದನ್ನೇ ಹೇಳುತ್ತ ನಿಂತಿದ್ದೆ. ಕೊನೆಗೆ ಜೊತೆಯ ಹೆಂಗಸರೇ "ಅಕ್ಕಾರ, ನೀವು ಹೋದ್ರ ನಮಗೂ ಎರಡು ದಿನ ಆರಾಮ ಆಗತೈತಿ, ನಡೀರಿ" ಎಂದು ನನ್ನನ್ನು ಆಟೋ ಹತ್ತಿಸಿದರು. ನಾನು ಒಂದು ಕಡೆ ಕೂರುವ ಪೈಕಿಯವಳಲ್ಲ. ರೈಲಿನಲ್ಲೂ ಎರಡು ಸಲ ಸೀಟು ಬದಲಿಸಿ, ಎದುರಿಗಿದ್ದ ಅಜ್ಜನಿಂದ "ಕಾಲಾಗ ಚಕ್ರ ಐತೇನ ಯವ್ವಾ ನಿಂಗ?" ಎಂದು ಅನ್ನಿಸಿಕೊಂಡೆ.

ವಿಜಯಪುರದಿಂದ ಸೋಲಾಪುರಕ್ಕೆ ನೂರು ಕಿಲೋಮೀಟರಿಗೆ ತುಸು ಹೆಚ್ಚು. ಪ್ಯಾಸೆಂಜರ್ ಗಾಡಿಯ ಟಿಕೆಟ್ಟು ಬಸ್ಸಿನದರ ಮುಂದೆ ಏನೂ ಅಲ್ಲ, ಆದರೆ ಅದು ಪ್ರತಿ ಊರಿನಲ್ಲೂ ನಿಂತು ಕ್ಷೇಮ ಸಮಾಚಾರ ಕೇಳಿಕೊಂಡೇ ಮುಂದೆ ಹೋಗುತ್ತದೆ. ಇಂಡಿಯಲ್ಲಿ ನಿಂಬೆಹಣ್ಣಿನ ಚೀಲಗಳು ಹತ್ತಿದವು. ಭೀಮಾ ದಾಟಿದ ಮೇಲೆ ಹಲಗೆಗಳ ಬರಹ ಮರಾಠಿಯಾಯಿತು, ಡಬ್ಬಿಯೊಳಗಿನ ಮಾತು ಮಾತ್ರ ಅದೇ ಕನ್ನಡ. ಹೊರಗೆ ಕರಿಮಣ್ಣಿನ ಹೊಲಗಳಲ್ಲಿ ಜೋಳ ಎದೆಯೆತ್ತರ ನಿಂತಿತ್ತು. ಮಾಗಿಯ ಚಳಿ ಇರಬೇಕಾದ ಕಡೆ ಮೋಡ ಕವಿದು ಸೆಕೆಯಾಗಿತ್ತು. "ಈ ಮಬ್ಬಿಗೆ ಕಡ್ಲಿಗೆ ಕೀಡಿ ಬೀಳತಾವ ನೋಡ್ರಿ" ಎಂದು ಅಜ್ಜ ಯಾರಿಗೂ ಅಲ್ಲದ ಹಾಗೆ ಹೇಳಿದ.

ನನ್ನ ಅಕ್ಕ ಸುನಂದಾಳನ್ನು ಸೋಲಾಪುರದ ವ್ಯಾಪಾರಸ್ಥರ ಮನೆಗೆ ಕೊಟ್ಟಿದ್ದಾರೆ. ಅವಳ ಗಂಡ ರೇವಣಸಿದ್ಧ ಮಾಮಾ ಅವರದು ಬೀಜ, ಗೊಬ್ಬರ, ಕೀಟನಾಶಕದ ಅಂಗಡಿ. ಕೆಳಗೆ ಅಂಗಡಿ, ಮೇಲೆ ಮನೆ. ಕೀಟನಾಶಕಕ್ಕೆ ನಮ್ಮ ಕಡೆ ಯಾರೂ ಆ ಹೆಸರು ಹೇಳುವುದಿಲ್ಲ. ರೈತರು ಅದನ್ನು 'ಎಣ್ಣಿ' ಎನ್ನುತ್ತಾರೆ, ಮಾಮಾ 'ಔಷಧ' ಎನ್ನುತ್ತಾರೆ. ಯಾವ ಹೆಸರಿನಿಂದ ಕರೆದರೂ ಅದರ ವಾಸನೆ ಮೆಟ್ಟಿಲು ಹತ್ತಿ ಅಡುಗೆಮನೆಯ ತನಕ ಬರುತ್ತದೆ. ಆ ಮನೆಗೆ ಹೋದ ತಾಸಿನೊಳಗೆ ನನಗೆ ತಲೆ ಚಿಟ್ಟು ಹಿಡಿಯುತ್ತದೆ. ಅಕ್ಕನಿಗೆ ಆ ವಾಸನೆ ಗೊತ್ತಾಗುವುದೇ ಇಲ್ಲ.

ತಮಾಷೆಯೆಂದರೆ, ಊರಿಗೆಲ್ಲ ಎಣ್ಣೆ ಮಾರುವ ಈ ಮನೆಯವರು ತಿನ್ನುವ ತೊಗರಿಬೇಳೆ, ಕಡಲೆ, ಜೋಳ ಎಲ್ಲ ಎಣ್ಣೆ ಕಾಣದ ಹೊಲದ್ದು. ಅಕ್ಕಲಕೋಟೆ ತಾಲೂಕಿನ ವಾಗದರಿಯ ಮಲ್ಲಿನಾಥ ಎಂಬ ರೈತ ವರ್ಷದ ಕಾಳು ಕಳಿಸುತ್ತಾನೆ. ಅವನು ಹಿಂದೆ ಮಾಮಾನ ಅಂಗಡಿಯ ದೊಡ್ಡ ಗಿರಾಕಿ. ನಾಲ್ಕು ವರ್ಷದ ಕೆಳಗೆ ತೊಗರಿಗೆ ಎಣ್ಣೆ ಹೊಡೆಯುವಾಗ ಗಾಳಿ ತಿರುಗಿ, ನೀರು ಹೊರುತ್ತಿದ್ದ ಅವನ ಹೆಂಡತಿ ಕಾಶೀಬಾಯಿ ಸಾಲಿನಲ್ಲೇ ಬಿದ್ದಳು. ಮೂಗಿಗೆ ಸೆರಗು ಬಿಟ್ಟರೆ ಅವಳು ಬೇರೇನೂ ಕಟ್ಟಿಕೊಂಡಿರಲಿಲ್ಲ. ಬಾಯಲ್ಲಿ ನೊರೆ, ಮೈಯೆಲ್ಲ ನಡುಕ. ಸೋಲಾಪುರದ ಆಸ್ಪತ್ರೆಯಲ್ಲಿ ಬದುಕಿ ಉಳಿದಳು. ಅವಳು ಮನೆಗೆ ಬಂದ ದಿನ ಮಲ್ಲಿನಾಥನ ತಾಯಿ ನೀಲವ್ವ ಮಗನಿಗೆ ಹೇಳಿದ್ದಳಂತೆ: "ಇನ್ನ ಮ್ಯಾಲ ಎಣ್ಣಿ ಹೊಡದ ಹೊಲದ ಕಾಳು ನನ್ನ ಬಾಯಾಗ ಹೋಗಂಗಿಲ್ಲ. ಹೊಡಿಯೂದಿದ್ರ ನನಗ ಬ್ಯಾರೆ ಕಡಿಂದ ಕಾಳು ತಂದು ಹಾಕು." ಅಂದಿನಿಂದ ಅವನು ಹೊಡೆದಿರಲಿಲ್ಲ. ಆದರೂ ಹಳೆಯ ಸ್ನೇಹ ಬಿಡದೆ ಪ್ರತಿ ಎಳ್ಳಮವಾಸ್ಯೆಗೆ ಮಾಮಾನ ಮನೆಯವರನ್ನು, ಹೊಲಕ್ಕೆ ಚರಗ ಎಂಬ ಎಡೆ ಚೆಲ್ಲಿ ಅಲ್ಲೇ ಉಣ್ಣುವ ಊಟಕ್ಕೆ ಕರೆಯುತ್ತಿದ್ದ. ಈ ವರ್ಷ ಅಕ್ಕ ನನ್ನನ್ನೂ ಕರೆಸಿಕೊಂಡಿದ್ದಳು.

ರಾತ್ರಿಯ ಊಟಕ್ಕೆ ಕಡಕ್ ರೊಟ್ಟಿ, ಕುಟ್ಟಿದ ಶೇಂಗಾ ಚಟ್ನಿ, ಗಟ್ಟಿ ಬೇಳೆ. ನಾನು ಎರಡನೆಯ ಸಲ ಬೇಳೆ ಹಾಕಿಸಿಕೊಳ್ಳುವಾಗ ಮಾಮಾ ತಟ್ಟೆ ನೋಡುತ್ತ ಹೇಳಿದರು, "ಮೊನ್ನೆ ಮಲ್ಲಿನಾಥ ಅಂಗಡಿಗೆ ಬಂದಿದ್ದ. ಒಂದು ಬಾಟ್ಲಿ ಒಯ್ದಾನ."

ಅಕ್ಕನ ಕೈಯಲ್ಲಿನ ಸೌಟು ಅಲ್ಲೇ ನಿಂತಿತು. "ಹೊಡದಾನ?"

"ಹೊಡೀಲಾರದ ಪೂಜಾ ಮಾಡಾಕ ಒಯ್ತಾನೇನ? ಕಡ್ಲಿಗೆ ಕೀಡಿ ಭಾಳ ಬಿದ್ದಾವಂತ. ಕಾಶೀಬಾಯಿ ಮಗಳ ಬಾಣಂತನಕ್ಕ ಹೋಗಿದ್ಲು. ಬೇವಿನ ಬೀಜ ಕುಟ್ಟಿ ಕಷಾಯ ಮಾಡೋರು ಇಲ್ಲ, ಕೂಲ್ಯಾಳು ಎಲ್ಲಾ ಕಬ್ಬು ಕಡ್ಯಾಕ ಹೋಗ್ಯಾರ. ಬೇವಿನ ಗಿಡದ ಆಚಿ ಪಟ್ಟಿಗೆ ಅಷ್ಟ ಹೊಡೀತೀನಿ ಅಂದ."

"ನೀಲವ್ವಗ ಗೊತ್ತೈತೇನ್ರಿ ಮಾಮಾ?" ಎಂದೆ.

"ಗೊತ್ತಿಲ್ಲ. ನಾಳಿ ನಿಮ್ಮಿಬ್ಬರ ಬಾಯಿಂದನೂ ಗೊತ್ತಾಗಬಾರದು. ಗಿರಾಕಿ ಏನ್ ಒಯ್ದ ಅನ್ನೂದು ಅಂಗಡಿ ಹೊಸ್ತಲಾ ದಾಟಬಾರದು. ನಮ್ಮಪ್ಪನ ಕಾಲದಿಂದ ನಮ್ಮ ಧಂದೆ ಹಿಂಗ ನಡದೈತಿ."

ಆ ಬೇಳೆ ಹೋದ ವರ್ಷದ್ದು ಎಂದು ಗೊತ್ತಿದ್ದರೂ ತಟ್ಟೆ ಪಕ್ಕಕ್ಕೆ ಸರಿಸಿದೆ. ನನಗೆ ಸಿಟ್ಟು ಬಂತು. ಮಾಮಾನ ಮೇಲೋ, ಮಲ್ಲಿನಾಥನ ಮೇಲೋ ಹೇಳಲಾರೆ. ಎಪ್ಪತ್ತು ದಾಟಿದ ಮುದುಕಿ ಮಗನ ಮಾತು ನಂಬಿ ತಿನ್ನುವಾಗ ನಾವು ಗೊತ್ತಿದ್ದೂ ಎದುರಿಗೆ ಕೂತು ಹೋಳಿಗೆ ತಿನ್ನಬೇಕಿತ್ತು.

ಮರುದಿನ ಬೆಳಗ್ಗೆ ಮಾಮಾನ ಕಾರಿನಲ್ಲಿ ಮೂವರೂ ಹೊರಟೆವು. ಸೋಲಾಪುರದಿಂದ ಅಕ್ಕಲಕೋಟೆಗೆ ನಲವತ್ತು ಕಿಲೋಮೀಟರು, ರಸ್ತೆ ಈಗ ಚೆನ್ನಾಗಿದೆ. ದಾರಿಯುದ್ದಕ್ಕೂ ಜನ ಹೊಲಗಳಿಗೆ ಹೊರಟಿದ್ದರು. ಟ್ರ್ಯಾಕ್ಟರಿನಲ್ಲಿ, ಮೋಟರ್ ಸೈಕಲ್ಲಿನಲ್ಲಿ, ಬುಟ್ಟಿ ಹೊತ್ತು ಕಾಲ್ನಡಿಗೆಯಲ್ಲಿ. ಪೇಟೆಯ ಅಂಗಡಿಗಳೆಲ್ಲ ಅರ್ಧ ಬಾಗಿಲು. ಆ ದಿನ ಈ ಸೀಮೆಯಲ್ಲಿ ಮನೆಯಲ್ಲಿ ಉಣ್ಣುವವನು ಹೊಲವಿಲ್ಲದವನು, ಇಲ್ಲವೇ ಯಾರೂ ಕರೆಯದವನು. ಆ ಸಂಭ್ರಮದ ನಡುವೆ ನಾವು ಮೂವರೇ ಸಾವಿನ ಮನೆಗೆ ಹೊರಟವರ ಹಾಗೆ ಮುಖ ಹಾಕಿಕೊಂಡಿದ್ದೆವು.

ಅಕ್ಕಲಕೋಟೆಯಲ್ಲಿ ಸ್ವಾಮಿಗಳ ಗುಡಿಯ ಮುಂದೆ ಪುಣೆ, ಮುಂಬೈ ಗಾಡಿಗಳ ಸಾಲು. ಮಾಮಾ ಹೊರಗಿನಿಂದಲೇ ಕೈಮುಗಿದು ಬಂದರು. ಚಹಾದಂಗಡಿಯವನು ಗಿರಾಕಿಗಳಿಗೆ "ಬಸಾ, ಬಸಾ" ಎಂದು ಮರಾಠಿಯಲ್ಲಿ ಕೂರಲು ಹೇಳಿ, ನಮ್ಮ ಮಾತು ಕೇಳಿದ ಕೂಡಲೇ "ಹೊಲಕ್ಕ ಹೊಂಟೀರೇನ್ರಿ?" ಎಂದು ಕನ್ನಡಕ್ಕೆ ತಿರುಗಿದ. ಹತ್ತು ರೂಪಾಯಿಯ ಚಹಾ ಎರಡೇ ಗುಟುಕಾಗಿತ್ತು, ಸಕ್ಕರೆ ಮಾತ್ರ ಧಾರಾಳ. ನಾನು ನಿಂತೇ ಕುಡಿದೆ. ಅಕ್ಕ ನನ್ನ ಸೆರಗು ಜಗ್ಗಿ, "ನೀ ಏನರೆ ಬಾಯಿ ಬಿಟ್ಟಿ ಅಂದ್ರ ನಾ ಈ ಮನ್ಯಾಗ ಇರೂದು ಕಷ್ಟ ನೋಡು" ಎಂದಳು. ನನ್ನ ಬಾಯಿಯ ಲಗಾಮಿನ ಮೇಲೆ ಮೊದಲಿನಿಂದಲೂ ಅವಳಿಗೆ ಭರವಸೆಯಿಲ್ಲ.

ವಾಗದರಿಯ ದಾರಿಯಲ್ಲಿ ನಾನೇ ಮಾತು ತೆಗೆದೆ. "ಮಾಮಾ, ಈ ಎಣ್ಣಿ ಹೊಡದ್ರ ಕೀಡಿ ಸಾಯ್ತಾವರೆ ಏನು?"

"ಮೊದಲ ಒಮ್ಮೆ ಹೊಡದ್ರ ಸಾಯ್ತಿದ್ವು. ಈಗ ಮೂರು ಸಲ ಹೊಡದ್ರೂ ತಲಿ ಎತ್ತತಾವ. ವರ್ಷಾ ಹೊಸಾ ಬಾಟ್ಲಿ ಬರತೈತಿ, ಹಳೇದಕ್ಕಿಂತ ಜೋರಂದು."

"ಹಂಗಾರ ಮಾರ್ತೀರಿ ಯಾಕ?"

"ನಾ ಇಲ್ಲಂದ್ರ ಬಾಜೂ ಅಂಗಡಿಯವ ಕೊಡ್ತಾನ. ನಿನ್ನ ರೊಟ್ಟಿ ಜ್ವಾಳ ಎಲ್ಲಿಂದ ಬರತೈತಿ ನೀ ಕೇಳೀಯೇನ?"

ನಾನು ಕೇಳಿರಲಿಲ್ಲ. ಜೋಳಕ್ಕೆ ಇಲ್ಲಿ ಎಣ್ಣೆ ಕಡಿಮೆ ಎಂದು ಹೇಳಬಹುದಿತ್ತು. ಅಷ್ಟರಲ್ಲಿ ಚಟ್ನಿಯ ಶೇಂಗಾ, ಪಲ್ಯದ ಬದನೆಕಾಯಿ ನೆನಪಾದವು. ಬದನೆಕಾಯಿಗೆ ವಾರಕ್ಕೊಮ್ಮೆ ಹೊಡೆಯುತ್ತಾರೆ ಎಂದು ಯಾರು ಬೇಕಾದರೂ ಹೇಳುತ್ತಾರೆ.

ಅಕ್ಕಲಕೋಟೆಯಿಂದ ವಾಗದರಿ ಇಪ್ಪತ್ತು ಕಿಲೋಮೀಟರಿನ ಆಸುಪಾಸು. ಮಲ್ಲಿನಾಥನ ಹೊಲ ರಸ್ತೆಗೆ ಹತ್ತಿಕೊಂಡೇ ಇದೆ. ನಡುವೆ ಒಂದು ದೊಡ್ಡ ಬೇವಿನ ಗಿಡ. ಅದರ ಈಚೆ ಜೋಳ, ತೊಗರಿ ಮತ್ತು ಅರ್ಧ ಕಡಲೆ, ಆಚೆ ಇನ್ನರ್ಧ ಕಡಲೆಯ ಪಟ್ಟಿ. ಕಡಲೆಯ ನಡುನಡುವೆ ಜೋಳದ ಒಂಟಿ ಸಾಲುಗಳು, ಹಕ್ಕಿ ಕೂರಲಿ ಎಂದು ಬಿತ್ತಿದ್ದು. ಬದುವಿಗೆ ಚೆಂಡುಹೂ. ಮಲ್ಲಿನಾಥ ಓಡಿ ಬಂದು "ಬರ್ರಿ ಸಾವಕಾರ್ರ, ಬರ್ರಿ ಅಕ್ಕಾರ" ಎಂದ. ಐವತ್ತರ ಗಟ್ಟಿ ಆಳು. ಮಾಮಾನ ಮುಖ ನೋಡಿದ, ನಮ್ಮ ಮುಖ ನೋಡಿದ, ನಮಗೆ ಗೊತ್ತಿದೆ ಎಂಬುದು ಅವನಿಗೆ ಅಲ್ಲೇ ತಿಳಿಯಿತು.

ನೀಲವ್ವ ಈಚೆಯ ಕಡಲೆಯಲ್ಲಿ ಕುಡಿ ಚಿವುಟುತ್ತ ಕೂತಿದ್ದಳು. ಒಂದು ಚಿವುಟು ಮಡಿಲಿಗೆ, ಒಂದು ಬಾಯಿಗೆ. ನನ್ನನ್ನು ಕಂಡವಳೇ ಒಂದು ಹಿಡಿ ಕೊಟ್ಟು "ತಿನ್ನವ್ವಾ, ತೊಳಿಯೂದೇನ ಬ್ಯಾಡ" ಎಂದಳು. ನಾನು ಹುಟ್ಟಿದಾಗಿನಿಂದ ತಿಂದ ಸೊಪ್ಪು. ಅದರ ಹುಳಿ ನೆನೆದರೇ ಬಾಯಲ್ಲಿ ನೀರು. ಆ ದಿನ ಕೈ ಬಾಯಿಯ ತನಕ ಹೋಗಲಿಲ್ಲ. ಹೊಡೆದದ್ದು ಆಚೆಯ ಪಟ್ಟಿಗೆ ಎಂದು ಗೊತ್ತಿತ್ತು, ಗಾಳಿ ಎಷ್ಟು ದೂರ ಹೋಗಿತ್ತೋ ಅದು ಗೊತ್ತಿರಲಿಲ್ಲ. ನನ್ನ ಅನುಮಾನ ನನ್ನ ಮುಷ್ಟಿಯಲ್ಲಿತ್ತು, ಅವಳು ಮಾತ್ರ ಮೆಲ್ಲುತ್ತಲೇ ಇದ್ದಳು.

"ಆಚಿ ಕಡಿ ಕುಡಿ ಭಾಳ ಎಳೇವು ಅದಾವು" ಎಂದಳು. "ಮಲ್ಲ್ಯಾ ಎರಡು ದಿನದಿಂದ ಬಿಡವಲ್ಲ. ಅಲ್ಲಿ ತ್ಯಾವ ಐತಿ, ಕಾಲು ಜಾರತೈತಿ ಅಂತಾನ."

ಬೇರೆ ಏನಾದರೂ ಮಾತಾಡಲೆಂದು ಹಕ್ಕಿ ಬಹಳ ಇವೆಯಲ್ಲ ಎಂದೆ. ಅವಳ ಮುಖ ಅರಳಿತು. ಜೋಳದ ಸಾಲಿನ ಮೇಲೆ ಗೊರವಂಕ, ಕಾಜಾಣ, ಗಿಡಗಳ ನಡುವೆ ಬೆಳ್ಳಕ್ಕಿ. ಎಣ್ಣೆ ಹೊಡೆಯುವ ಕಾಲದಲ್ಲಿ ಚರಗ ಚೆಲ್ಲಿದರೆ ಇರುವೆ ತಿನ್ನುತ್ತಿದ್ದವು, ಹಕ್ಕಿ ಹಾಯುತ್ತಿರಲಿಲ್ಲ. ಬಿಟ್ಟ ಮೊದಲ ವರ್ಷ ಬರೀ ಕಾಗೆ ಬಂದವು, ಆಮೇಲೆ ಒಂದೊಂದೇ ಉಳಿದವು ಬಂದವು ಎಂದಳು. "ಇವೆಲ್ಲಾ ನನ್ನ ಕೂಲ್ಯಾಳು. ಮುಂಜಾನಿಂದ ಸಂಜಿತನಾ ಕೀಡಿ ಆರಸ್ತಾವ. ಪಗಾರ ಇಲ್ಲ, ವರ್ಷಕ್ಕೊಮ್ಮೆ ನನ್ನ ಕೈ ಊಟ."

ಅಲ್ಲಿ ಕೂರಲಾಗದೆ ಎದ್ದು ಬದುವಿನ ಮೇಲೆ ಬೇವಿನ ಗಿಡದ ಕಡೆ ಹೋದೆ. ಗಿಡದಾಚೆಯ ಮೊದಲ ಸಾಲಿನಲ್ಲಿ ಒಂದು ಗೊರವಂಕ ಮಗ್ಗುಲಾಗಿ ಬಿದ್ದಿತ್ತು. ಕೊಕ್ಕು ತೆರೆದಿತ್ತು, ಒಂದು ರೆಕ್ಕೆ ಮಾತ್ರ ನೆಲಕ್ಕೆ ಬಡಿಯುತ್ತಿತ್ತು. ಎತ್ತಬೇಕೋ ಬಿಡಬೇಕೋ ತಿಳಿಯದೆ ನಿಂತಿದ್ದಾಗ ಮಲ್ಲಿನಾಥ ಹಿಂದಿನಿಂದ ಬಂದು, ಹೆಗಲ ಟವೆಲಿನಲ್ಲಿ ಅದನ್ನು ಮುಚ್ಚಿ ಎತ್ತಿಕೊಂಡ.

"ಅವ್ವ ಉಣ್ಣೂದಷ್ಟ ನನ್ನ ತಲ್ಯಾಗಿತ್ತು" ಎಂದ. "ಈ ಪಟ್ಟೀದು ಬ್ಯಾರೆ ರಾಶಿ ಮಾಡಿ ಮಾರಿಬಿಡಬೇಕು, ಮನಿಗೆ ತರಬಾರದು ಅಂತ ಲೆಕ್ಕಾ ಹಾಕಿದ್ದೆ."

"ಈಗರೆ ಹೇಳ್ರಿ ಅಕಿಗೆ."

"ಹಬ್ಬ ಒಂದು ಹೋಗಲಿ ಅಕ್ಕಾರ." ಟವೆಲು ಎದೆಗೆ ಒತ್ತಿಕೊಂಡು ಬೇವಿನ ಬುಡದ ಹಿಂದೆ ಹೋದ. ಮಾರಿದರೆ ಅದನ್ನು ತಿನ್ನುವವರು ಯಾರು ಎಂದು ನಾನೂ ಕೇಳಲಿಲ್ಲ, ಅವನೂ ಹೇಳಲಿಲ್ಲ.

ಅಷ್ಟರಲ್ಲಿ ಪೂಜೆಗೆ ಕರೆ ಬಂತು. ಜೋಳದ ದಂಟಿನ ಗೂಡಿನೊಳಗೆ ಸುಣ್ಣ ಬಳಿದ ಐದು ಕಲ್ಲು, ಪಂಚ ಪಾಂಡವರು. ಮುಂದೆ ಸಜ್ಜೆ ಕಡುಬು, ಶೇಂಗಾ ಹೋಳಿಗೆ, ಎಣ್ಣೆಗಾಯಿ, ಕಾಳು ಸೊಪ್ಪು ಹಾಕಿ ಕುದಿಸಿದ ಭಜ್ಜಿ, ಮಡಕೆಯಲ್ಲಿ ಅಂಬಲಿ. ಕಾಶೀಬಾಯಿ ಹಿಂದಿನ ದಿನವಷ್ಟೇ ಮಗಳ ಮನೆಯಿಂದ ಬಂದಿದ್ದಳು. ಅವಳ ಕೈಗಳು ಈಗಲೂ ಸಣ್ಣಗೆ ನಡುಗುತ್ತವೆ; ಆರತಿ ತಟ್ಟೆಯನ್ನು ಎರಡೂ ಕೈಯಲ್ಲಿ ಗಟ್ಟಿ ಹಿಡಿದಿದ್ದಳು. ಅವಳಿಗೂ ವಿಷಯ ಗೊತ್ತಿತ್ತು ಎಂದು ಕಣ್ಣು ನೋಡಿದರೆ ತಿಳಿಯುತ್ತಿತ್ತು. ಹೀಗೆ ಒಬ್ಬ ಮುದುಕಿಯ ಸುತ್ತ ಐದು ಜನ ಗೊತ್ತಿದ್ದವರು ಕೈಮುಗಿದು ನಿಂತಿದ್ದೆವು.

ಮಾಡಿದ ಅಡುಗೆಯೆಲ್ಲ ಒಂದಿಷ್ಟು ಬುಟ್ಟಿಗೆ ಹಾಕಿ ಕಲಸಿದರೆ ಅದೇ ಚರಗ. ಅದನ್ನು ಹೊಲದ ನಾಲ್ಕೂ ಮೂಲೆಗೆ ಚೆಲ್ಲಿ ಬಂದ ಮೇಲೆಯೇ ಮನುಷ್ಯರ ಊಟ. ನೀಲವ್ವ ಬುಟ್ಟಿ ಟೊಂಕಕ್ಕಿಟ್ಟುಕೊಂಡು ಮುಂದೆ, ನೀರಿನ ತಂಬಿಗೆ ಹಿಡಿದು ಮಲ್ಲಿನಾಥ ಹಿಂದೆ, ಅವರ ಹಿಂದೆ ನಾವು. "ಹುಲ್ಲುಲ್ಲಿಗ್ಯೋ" ಎಂದು ಅವಳು ಕೂಗಿ ಒಂದು ಹಿಡಿ ಚೆಲ್ಲಿದಳು. ಅದರ ಅರ್ಥ ಯಾರಿಗೂ ಗೊತ್ತಿಲ್ಲ, ಹಕ್ಕಿಗಳಿಗೆ ಗೊತ್ತಿದ್ದ ಹಾಗಿತ್ತು. ಅಕ್ಕಪಕ್ಕದ ಗಿಡಗಳಿಂದೆಲ್ಲ ಎದ್ದು ಬಂದವು. ಜೋಳದ ಅಂಚು ಮುಗಿಯಿತು, ತೊಗರಿ ಮುಗಿಯಿತು, ಈಚೆಯ ಕಡಲೆ ಮುಗಿಯಿತು. ಅವಳು ಬೇವಿನ ಗಿಡ ದಾಟಿ ಆಚೆಯ ಪಟ್ಟಿಗೆ ಕಾಲಿಟ್ಟು, ಹಿಡಿ ತುಂಬಿ ಕೈ ಎತ್ತಿದಳು. ಹಿಂಡು ಅವಳ ತಲೆಯ ಮೇಲೆಯೇ ಬರುತ್ತಿತ್ತು.

"ಅವ್ವಾ! ನಿಂದ್ರು! ಅಲ್ಲಿ ಒಗಿಬ್ಯಾಡ!"

ತಂಬಿಗೆ ನೆಲಕ್ಕೆ ಬಿದ್ದಿತ್ತು. ಮಲ್ಲಿನಾಥ ಓಡಿಹೋಗಿ ತಾಯಿಯ ಎತ್ತಿದ ಕೈ ಹಿಡಿದುಕೊಂಡಿದ್ದ. ಚರಗದ ಬುಟ್ಟಿ ಹಿಡಿದವರನ್ನು ಯಾರೂ ತಡೆಯಬಾರದೆಂಬುದು ಪದ್ಧತಿ. ನೀಲವ್ವ ಹೆದರಿ, "ಹಾವು ಏನೋ?" ಎಂದಳು.

"ಎಣ್ಣಿ ಹೊಡದೀನಿ ಅವ್ವಾ. ಈ ಪಟ್ಟಿಗೆ. ಮೊನ್ನೆ." ಅವನಿಗೆ ಅಳು ಬಂತು. "ನಿನ್ನ ಕಡಿಂದ ಮುಚ್ಚಿಟ್ಟೀನಿ."

ನೀಲವ್ವ ಬೈಯುತ್ತಾಳೆ, ಬುಟ್ಟಿ ಎಸೆಯುತ್ತಾಳೆ, ಊಟ ಬಿಡುತ್ತಾಳೆ ಎಂದೆಲ್ಲ ನಾನು ಮುಂಜಾನೆಯಿಂದ ಕಲ್ಪಿಸಿಕೊಂಡಿದ್ದೆ. ಅವಳು ಮಗನ ಮುಖ ನೋಡಲೂ ಇಲ್ಲ. ಕಣ್ಣಿಗೆ ಕೈ ಅಡ್ಡ ಹಿಡಿದು ಆ ಪಟ್ಟಿಯನ್ನು ನೋಡಿದಳು. ಅಷ್ಟರಲ್ಲಿ ಹತ್ತಾರು ಹಕ್ಕಿ ಅಲ್ಲಿ ಇಳಿದಿದ್ದವು. ಸಾಯುತ್ತಿರುವ ಕೀಡೆ ಓಡುವುದಿಲ್ಲ. ಹಕ್ಕಿಗಳಿಗೆ ಹಬ್ಬವೇ ಆಗಿತ್ತು.

"ನನಗ ಹೇಳಿದಿ" ಎಂದಳು. "ಅವಕ್ಕ ಯಾರು ಹೇಳತಾರ? ಕರಕೊಂಡು ಬಂದಾಕಿ ನಾನು."

ಬುಟ್ಟಿಯನ್ನು ಅಕ್ಕನ ಕೈಗೆ ಕೊಟ್ಟು, ಸೊಸೆಗೆ "ಕಾಶೀ, ಮಂದಿಗೆ ಊಟಾ ಹಾಕು. ಹೋದ ವರ್ಷದ ಕಾಳು, ಅದಕ್ಕೇನೂ ಆಗಿಲ್ಲ" ಎಂದಳು. ಆಮೇಲೆ ಪೂಜೆಯ ಹಿತ್ತಾಳೆ ತಾಟು, ಒಂದು ಕೋಲು ತೆಗೆದುಕೊಂಡು ಆ ಪಟ್ಟಿಗೆ ಇಳಿದಳು. ಢಣ ಢಣ ಎಂದು ಬಡಿಯುತ್ತ, "ಹೋಗ್ರಿ, ಹೋಗ್ರಿ, ಇವತ್ತು ಬ್ಯಾಡ" ಎಂದು ಕೂಗುತ್ತ ಸಾಲಿನಿಂದ ಸಾಲಿಗೆ ನಡೆದಳು. ಹಕ್ಕಿಗಳು ಎದ್ದು ಬೇವಿನ ಗಿಡದಲ್ಲಿ ಕೂತವು. ಅವಳು ಆ ತುದಿಗೆ ಹೋದರೆ ಈ ತುದಿಗೆ ಇಳಿದವು. ಮಲ್ಲಿನಾಥ ಈ ತುದಿಗೆ ಓಡಿದ. ನಾನು ಒಂದು ತಟ್ಟೆ, ಸೌಟು ಹಿಡಿದು ನಡುವೆ ನಿಂತೆ. ಹಿಂದಿನ ರಾತ್ರಿಯಿಂದ ಕುದಿಯುತ್ತಿದ್ದ ನನಗೆ ಕೊನೆಗೂ ಕೈಗೆ ಕೆಲಸ ಸಿಕ್ಕಿತ್ತು, ಆದರೆ ಒಂದಿಷ್ಟೂ ಸಮಾಧಾನವಾಗಲಿಲ್ಲ.

ಊಟ ಅಂತೂ ಇಂತೂ ಸರದಿಯ ಮೇಲೆ ಆಯಿತು. ನೀಲವ್ವ ಬದುವಿನ ಮೇಲೆ ನಿಂತೇ ಅರ್ಧ ಕಡುಬು ತಿಂದಳು. ಹೊತ್ತು ಇಳಿಯುತ್ತಿದ್ದಾಗ ಅವಳು ಮಾಮಾನ ಹತ್ತಿರ ಬಂದು ಕೇಳಿದಳು, "ಸಾವಕಾರ್ರ, ಎಷ್ಟು ದಿವಸ ಹಿಂಗ ಕಾಯಬೇಕ್ರಿ?"

ಮಾಮಾನಿಗೆ ಇಂಥ ಪ್ರಶ್ನೆಗಳಿಗೆ ಉತ್ತರ ನಾಲಗೆಯ ತುದಿಯಲ್ಲೇ ಇರುತ್ತದೆ. ಆ ಹೊತ್ತು ತಡವರಿಸಿದರು. "ಕಾಳು ಕೀಳಾಕ ಎಷ್ಟು ದಿನಾ ಬಿಡಬೇಕು ಅಂತ ಬಾಟ್ಲಿ ಮ್ಯಾಲ ಬರದಿರತೈತಿ ಆಯಿ. ಮನಶ್ಯಾರು ತಿನ್ನೂದಕ್ಕ. ಹಕ್ಕೀಗೆ ಎಷ್ಟು ಅಂತ... ನನಗೂ ಗೊತ್ತಿಲ್ಲ."

"ಇಷ್ಟು ವರ್ಷ ಮಾರೀರಿ?"

"ಯಾರೂ ಕೇಳಿದ್ದಿಲ್ಲ."

"ಹಂಗಾರ ನೀವೂ ಇಲ್ಲೇ ಇರ್ರಿ. ಕೊಟ್ಟಾವ್ರು ನೀವು, ಹೊಡದಾಂವ ಇಂವ. ನಾಳಿ ಬೆಳಗ ಹರಿಯೂದ್ರಾಗ ಅವು ಮತ್ತ ಬರತಾವ. ನಂದೊಬ್ಬಾಕಿದ ಕಾಲು ಸಾಲಂಗಿಲ್ಲ."

ಮಾಮಾ ಯಾರ ಮಾತನ್ನೂ ಸುಲಭಕ್ಕೆ ಕೇಳುವವರಲ್ಲ. ಹೆಂಡತಿಯ ಮಾತನ್ನಂತೂ ಕೇಳಿದ್ದನ್ನು ನಾನು ಕಂಡಿಲ್ಲ. ಇಸ್ತ್ರಿ ಮಾಡಿದ ಬಿಳಿ ಅಂಗಿಯ ತೋಳು ಮಡಚಿ, ಚಪ್ಪಲಿ ಬದುವಿನ ಮೇಲೆ ಬಿಟ್ಟು ಅಕ್ಕನಿಗೆ ಹೇಳಿದರು, "ನೀವಿಬ್ಬರೂ ಜೀಪಿಗೆ ಹೋಗ್ರಿ. ಅಂಗಡಿ ಬಾಗಲಾ ನಾಳಿ ತಗೀಬ್ಯಾಡ."

ಅಕ್ಕಲಕೋಟೆಯ ಜೀಪು ತಲೆಗೆ ಮೂವತ್ತು ರೂಪಾಯಿ, ಹಬ್ಬದ ದಿನವೆಂದು ಐದು ಹೆಚ್ಚು ಕೇಳಿದ. ನಾವು ಹಿಂದಿನ ಬಾಗಿಲ ಪಕ್ಕ ಇಕ್ಕಟ್ಟಿನಲ್ಲಿ ಕೂತೆವು. ಗಾಡಿ ಹೊರಟಾಗ ತಿರುಗಿ ನೋಡಿದೆ. ಇಳಿಬಿಸಿಲಿನಲ್ಲಿ ನೀಲವ್ವ, ಮಲ್ಲಿನಾಥ, ಮಾಮಾ 'ಹೋಗ್ರಿ, ಹೋಗ್ರಿ' ಎಂದು ಕೂಗುತ್ತ ಮೂರು ದಿಕ್ಕಿಗೆ ಓಡಾಡುತ್ತಿದ್ದರು. ಹಕ್ಕಿಗಳು ಎದ್ದು, ಹೊಲದ ಮೇಲೆ ಒಂದು ಸುತ್ತು ಹಾಕಿ, ಮತ್ತೆ ಅಲ್ಲೇ ಇಳಿಯುತ್ತಿದ್ದವು. ನಾಲ್ಕು ವರ್ಷ ಕರೆದು ಉಣಿಸಿದ ಮುದುಕಿಯ ದನಿ ಅವಕ್ಕೆ ಚೆನ್ನಾಗಿ ಗೊತ್ತಿತ್ತು. ಅವಳು ಕೂಗಿದಷ್ಟೂ ಹತ್ತಿರ ಬರುತ್ತಿದ್ದವು.